ಪೈಲಿ ಚೇಟನ ಮಾತ್ರೆಗೊಂದು ಹೊತ್ತು

ಬಿಸಿ ಮಾಡಿದ ವಾತದ ಎಣ್ಣೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ನವ್ಯಾಳಿಗೆ ಈಗಲೂ ತಾನು ಏಳು ವರ್ಷದ ಹುಡುಗಿಯಾದ ಹಾಗೆ ಅನಿಸುತ್ತದೆ. ಪುತ್ತೂರಿನ ಮನೆಯ ಜಗಲಿಯಲ್ಲಿ ಅಜ್ಜ ಕಿಟ್ಟಣ್ಣ ಸುಮ್ಮನೆ ಕೂತಿರುತ್ತಿದ್ದರು. ಅಜ್ಜಿ ದಿನವೂ ಸ್ಟ್ರೋಕ್ ಆಗಿ ಸೋತ ಅವರ ಬಲಗೈಗೆ ಎಣ್ಣೆ ತಿಕ್ಕುತ್ತಿದ್ದರು. ಆ ಕೈ ಮತ್ತೆ ಏಳಲೇ ಇಲ್ಲ. ಅಜ್ಜನಿಗೆ ರಕ್ತದೊತ್ತಡ ಇದ್ದದ್ದು ಮನೆಯವರಿಗೆಲ್ಲ ಗೊತ್ತಿತ್ತು. ಮಾತ್ರೆಯೂ ಇತ್ತು, ಕಪಾಟಿನ ಡಬ್ಬಿಯಲ್ಲಿ, ಮುಕ್ಕಾಲು ಪಾಲು ಹಾಗೆಯೇ.

ಇಪ್ಪತ್ತೇಳು ತುಂಬಿದ ನವ್ಯಾ ಈಗ ಸಾರ್ವಜನಿಕ ಆರೋಗ್ಯ ಓದಿ, ಸಂಶೋಧಕರಿಗಾಗಿ ನಡೆಯುವ ಆರು ತಿಂಗಳ ತರಬೇತಿಗೆ ಸೇರಿದ್ದಾಳೆ. ಮೊದಲ ದಿನವೇ ಕಲಿಸುವ ಮೂಕಾಂಬಿಕಾ ಮೇಡಂ ಹೇಳಿದ್ದರು:

"ಬಿಪಿ ಮಾತ್ರೆ ಸ್ಟ್ರೋಕ್ ತಡೀತದೆ ಅಂತ ಸಾಬೀತಾಗಿ ಎಷ್ಟೋ ವರ್ಷ ಆಯ್ತು. ಅದನ್ನೇ ಮತ್ತೆ ಸಾಬೀತು ಮಾಡುದು ಬೇಡ. ಡಬ್ಬಿಯಲ್ಲಿರುವ ಮಾತ್ರೆ ಬಾಯಿಗೆ ಯಾಕೆ ಹೋಗುದಿಲ್ಲ? ಅದನ್ನು ಹುಡುಕಿ. ಹುಡುಕಿ ಸುಮ್ಮನೆ ಕೂರುದಲ್ಲ, ಸರಿ ಮಾಡಿ ಬನ್ನಿ."

ನವ್ಯಾಳ ಪಾಲಿಗೆ ಬಂದದ್ದು ಕಡಬ ಮತ್ತು ನೆಲ್ಯಾಡಿ ನಡುವಿನ ಒಂದು ಊರು. ಹೆಚ್ಚಿನವರು ರಬ್ಬರ್ ಟ್ಯಾಪಿಂಗ್, ಅಂದರೆ ಮರ ಗೀರಿ ಹಾಲು ತೆಗೆಯುವ ಕೆಲಸ ಮಾಡುವವರು. ಚರ್ಚಿನ ಹಾಲ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬಿಪಿ ತಪಾಸಣೆ ಇಟ್ಟಳು. ಬ್ಯಾನರ್ ಕಟ್ಟಿಸಿದಳು, ಅರುವತ್ತು ಕುರ್ಚಿ ಹಾಕಿಸಿದಳು. ಬಂದವರು ನಾಲ್ಕೇ ಜನ, ಎಲ್ಲರೂ ಎಪ್ಪತ್ತು ದಾಟಿದವರು.

'ಜನರಲ್ಲಿ ಅರಿವಿನ ಕೊರತೆ' ಎಂದು ವರದಿ ಬರೆದಳು. ಮೇಡಂ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೀಟೆಳೆದರು.

"ಅರಿವಿನ ಕೊರತೆ ಉಂಟು, ಒಪ್ಪಿದೆ. ಆದರೆ ಯಾರಿಗೆ?" ಎಂದು ನಕ್ಕರು. "ಬೆಳಿಗ್ಗೆ ಒಂಬತ್ತಕ್ಕೆ ಆ ಊರಿನವರು ಎಲ್ಲಿರ್ತಾರೆ ಅಂತ ನೋಡಿ ಬಾ."

ನವ್ಯಾಳಿಗೆ ನಾಚಿಕೆಯಾಯಿತು. ಆದರೂ ಹೋದಳು. ಆಶಾ ಕಾರ್ಯಕರ್ತೆ ರುಕಿಯಾಳ ಮನೆಯಲ್ಲೇ ಉಳಿದು, ಬೆಳಕು ಹರಿಯುವ ಮೊದಲೇ ಅವಳೊಂದಿಗೆ ಪೈಲಿಯವರ ತೋಟಕ್ಕೆ ಹೊರಟಳು. ಊರಿಗೆಲ್ಲ ಪೈಲಿ ಚೇಟ, ಮಲಯಾಳದಲ್ಲಿ ಪೈಲಿಯಣ್ಣ. ಐವತ್ತಾರರ ಪ್ರಾಯ, ಹಣೆಗೆ ಕಟ್ಟಿದ ಲೈಟು, ಕೈಯಲ್ಲಿ ಟ್ಯಾಪಿಂಗ್ ಕತ್ತಿ. ಮಾತು ಒರಟು. ಆದರೆ ನವ್ಯಾ ಎಡವದಂತೆ, ತನ್ನ ಮರ ಬಿಟ್ಟು ಅವಳ ಕಾಲ ಬುಡಕ್ಕೆ ಬೆಳಕು ಬೀಳುವ ಹಾಗೆ ತಲೆ ಬಗ್ಗಿಸಿ ನಿಂತರು.

"ನಿಮ್ಮ ಕ್ಯಾಂಪಿಗೆ ನಾನು ಬಂದ್ರೆ ಈ ಮುನ್ನೂರು ಮರದ ಹಾಲು ಯಾರು ಎತ್ತುದು ಮೋಳೆ? ನಿಮ್ಮ ಮೇಡಮ್ಮಾ?" ಮಗಳೇ ಎನ್ನಲು ಅವರ ಬಾಯಲ್ಲಿ ಮೋಳೆ ಎಂದೇ ಬರುವುದು.

"ಸ್ವಲ್ಪ ತಡವಾಗಿ ಎತ್ತಿದ್ರೆ ಆಗುದಿಲ್ವಾ?"

"ಮರಕ್ಕೆ ಕಟ್ಟಿದ ಗೆರಟೆಯಲ್ಲೇ ಹಾಲು ಗಟ್ಟಿಯಾಗ್ತದೆ. ಮತ್ತೆ ನಿಮ್ಮ ಬ್ಯಾನರ್ ಮಾರಿ ಉಣ್ಬೇಕಷ್ಟೆ!"

ಗೀರಿ ಮುಗಿಯುವಾಗ ಎಂಟಾಯಿತು. ಹಾಲು ಎತ್ತಿ, ಆಸಿಡ್ ಬೆರೆಸಿ, ತಟ್ಟೆಗಳಿಗೆ ಹೊಯ್ದು ಕೈತೊಳೆಯುವಾಗ ಹನ್ನೊಂದು. ಆಗಲೇ ಅವರ ಮೊದಲ ತಿಂಡಿ. ಅದಾಗಿ ಅರ್ಧ ಗಂಟೆ ಕೂರಿಸಿ ರುಕಿಯಾ ಬಿಪಿ ನೋಡಿದಳು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದಳು. ಆಗಲೂ ಇಳಿದಿರಲಿಲ್ಲ: ಮೇಲಿನದು ನೂರ ಎಪ್ಪತ್ತೆರಡು, ಕೆಳಗಿನದು ನೂರ ನಾಲ್ಕು.

"ಆರು ತಿಂಗಳ ಹಿಂದೆ ಡಾಕ್ಟರ್ ಮಾತ್ರೆ ಕೊಟ್ಟಿದ್ರಲ್ಲ ಚೇಟ, ಎಲ್ಲಿ?" ಎಂದು ರುಕಿಯಾ ಕೇಳಿದಳು.

ಹೆಂಡತಿ ಅಲ್ಫೋನ್ಸಾ ಒಳಗಿನಿಂದ ಚೀಲ ತಂದರು. ಹೆಚ್ಚಿನ ಮಾತ್ರೆಗಳು ಪಟ್ಟಿಯಲ್ಲಿ ಹಾಗೆಯೇ ಇದ್ದವು. ನವ್ಯಾ ಪಟ್ಟಿಗಳನ್ನು ಒಂದೊಂದಾಗಿ ಹೊರತೆಗೆದು ನೋಡಿದಳು.

"ಬೆಳಿಗ್ಗೆ ತಿಂಡಿಯ ನಂತರ ಅಂತ ಬರೆದಿದ್ದಾರೆ," ಎಂದರು ಪೈಲಿ. "ನನಗೆ ಬೆಳಿಗ್ಗೆ ತಿಂಡಿ ಎಲ್ಲಿ ಉಂಟು? ತಿನ್ನುವಾಗ ಹನ್ನೊಂದಾಗ್ತದೆ. ಹೊತ್ತು ತಪ್ಪಿ ತಿಂದ್ರೆ ಎಂತಾದ್ರೂ ಆದ್ರೆ ಅಂತ ಬಿಟ್ಟೆ. ಟ್ಯಾಪಿಂಗ್ ಇಲ್ಲದ ದಿನ ಎಂಟಕ್ಕೆ ತಿಂಡಿ ಆಗ್ತದೆ, ಆಗ ತಿಂತೇನೆ ಮೋಳೆ, ಸುಳ್ಳು ಹೇಳುದಿಲ್ಲ."

ನವ್ಯಾ ಬೈಯಲಿಲ್ಲ. ಬೈಯುವುದಾದರೂ ಏನನ್ನು? ಈ ಮನುಷ್ಯ ಮಾತ್ರೆ ಬಿಟ್ಟದ್ದು ಡಾಕ್ಟರ ಮಾತನ್ನು ಅಕ್ಷರಶಃ ಪಾಲಿಸಲು ಹೋಗಿ. ಅವರ ದಿನ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ.

"ಮತ್ತೆ ತಲೆನೋವಿಲ್ಲ, ಎಂತ ಇಲ್ಲ," ಎಂದರು ಪೈಲಿ. "ಕಾಯಿಲೆಯೇ ಇಲ್ಲದವನಿಗೆ ಮಾತ್ರೆ ಎಂತಕ್ಕೆ?"

ರುಕಿಯಾ ಬಿಡುವವಳಲ್ಲ. "ಮರಕ್ಕೆ ಮಳೆಗಾಲದ ಪ್ಲಾಸ್ಟಿಕ್ ಯಾವಾಗ ಕಟ್ಟುದು ಚೇಟ? ಮಳೆ ನೀರು ಗೆರಟೆಗೆ ಇಳಿದ ಮೇಲಾ?"

"ಹಾಗೆ ಯಾರಾದ್ರೂ ಮಾಡ್ತಾರಾ ಮಾರಾಯ್ತಿ? ಬಿಸಿಲಿರುವಾಗಲೇ ಕಟ್ಬೇಕು."

"ಮತ್ತೆ ನಿಮ್ಮ ತಲೆಗೆ ಮಾತ್ರ ಮಳೆ ಬರಲಿ ಅಂತ ಕಾಯುದಾ?"

ಅಲ್ಫೋನ್ಸಾ ಸೆರಗು ಬಾಯಿಗಿಟ್ಟು ನಕ್ಕರು. ನವ್ಯಾ ಮಾತ್ರ ನಗದೆ, ಮೆಲ್ಲನೆ ತನ್ನ ಅಜ್ಜನ ವಿಷಯ ಹೇಳಿದಳು. ಹದಿನಾಲ್ಕು ವರ್ಷ ಅವರಿಗೆ ಅಜ್ಜಿಯೇ ತುತ್ತು ಕೊಟ್ಟದ್ದನ್ನು ಹೇಳಿದಳು. ಪೈಲಿ ತನ್ನ ಬಲಗೈಯನ್ನೇ ನೋಡುತ್ತ ಕೂತರು.

"ನಿಮ್ಮ ದಿನದಲ್ಲಿ ಯಾವತ್ತೂ ತಪ್ಪದ ಹೊತ್ತು ಯಾವುದು ಚೇಟಾ?" ಎಂದು ನವ್ಯಾ ಕೇಳಿದಳು.

"ಸಂಜೆ ಏಳರ ಪ್ರಾರ್ಥನೆ," ಎಂದರು ಅಲ್ಫೋನ್ಸಾ, ಗಂಡ ಬಾಯಿ ತೆರೆಯುವ ಮೊದಲೇ. "ತಪ್ಪಿಸ್ಲಿಕ್ಕೆ ನಾನು ಬಿಡ್ಬೇಕಲ್ಲ!"

ಅದೇ ಮಧ್ಯಾಹ್ನ ಎಲ್ಲರೂ ಆರೋಗ್ಯ ಕೇಂದ್ರಕ್ಕೆ ಹೋದರು. ಡಾಕ್ಟರ್ ಚೀಟಿ ನೋಡಿ, ಈ ಮಾತ್ರೆಯನ್ನು ಸಂಜೆಯೂ ತಿನ್ನಬಹುದು, ದಿನವೂ ಒಂದೇ ಹೊತ್ತಿಗೆ ತಿಂದರಾಯಿತು ಎಂದರು. ಎಲ್ಲ ಮಾತ್ರೆಯೂ ಹೀಗಲ್ಲ, ಕೇಳದೆ ಹೊತ್ತು ಬದಲಿಸಬೇಡಿ ಎಂದೂ ಹೇಳಿದರು. ಎದ್ದು ಹೊರಡುವಾಗ ಪೈಲಿ ಸಂಕೋಚದಿಂದ, "ಇವಳದ್ದೂ ಒಮ್ಮೆ ನೋಡಿ ಡಾಕ್ಟ್ರೇ. ಇವಳು ಹೇಳುವವಳಲ್ಲ," ಎಂದು ಹೆಂಡತಿಯನ್ನು ಮುಂದೆ ಬಿಟ್ಟರು.

ಮುಂದಿನ ತಪಾಸಣೆ ಮಧ್ಯಾಹ್ನ ಮೂರಕ್ಕೆ ನಡೆಯಿತು. ಕುರ್ಚಿ ಸಾಲದೆ ಹೋಯಿತು. ಅರಂತೋಡಿನಲ್ಲಿ ಕೆಲಸ ಮಾಡುತ್ತಿದ್ದ, ತರಬೇತಿಯ ಜೊತೆಗಾತಿ ಯಶಸ್ವಿಯೂ ಅಲ್ಲಿನ ರಸ್ತೆಬದಿಯ ಅಂಗಡಿಯವರಿಗೆ ಬಿಡುವು ಯಾವಾಗ ಎಂದು ಮೊದಲು ಕೇಳಿದಳು. ಅಲ್ಲಿ ಬಂದ ಉತ್ತರ ಬೇರೆ, ಹೊತ್ತೂ ಬೇರೆ. ಮೂರು ತಿಂಗಳ ಮೇಲೆ ಚರ್ಚಿನ ಹಾಲ್‌ನಲ್ಲಿ ಮತ್ತೆ ತಪಾಸಣೆ ನಡೆದಾಗ, ದಿನವೂ ಪ್ರಾರ್ಥನೆಯ ಹೊತ್ತಿಗೆ ಮಾತ್ರೆ ತಿಂದಿದ್ದ ಪೈಲಿಯವರ ಬಿಪಿಯನ್ನು ರುಕಿಯಾ ನೋಡಿದಳು: ಮೇಲಿನದು ನೂರ ಮೂವತ್ತು, ಕೆಳಗಿನದು ಎಂಬತ್ತೆರಡು.

"ಇಳಿಯಿತಲ್ಲ, ಇನ್ನು ನಿಲ್ಲಿಸಬಹುದಾ?" ಎಂದು ಯಾರೋ ಹಿಂದಿನಿಂದ ಕೇಳಿದರು.

ಉತ್ತರ ಕೊಟ್ಟವರು ಪೈಲಿಯೇ. "ಮಾತ್ರೆ ತಿಂದದ್ದಕ್ಕೆ ಇಳಿದದ್ದು ಮಾರಾಯ! ನಿಲ್ಲಿಸಿದ್ರೆ ಅದು ಪುನಃ ಹತ್ತುದಿಲ್ವಾ?"

ಓದುತ್ತಿರುವ ಅಕ್ಕ, ತಂಗಿ, ಅಣ್ಣಂದಿರೇ, ಮೂವತ್ತು ದಾಟಿದ್ದರೆ ವರ್ಷಕ್ಕೊಮ್ಮೆಯಾದರೂ ಬಿಪಿ, ಸಕ್ಕರೆ ನೋಡಿಸಿಕೊಳ್ಳಿ. ನೋವಿಲ್ಲವೆಂದು ಮಾತ್ರೆ ಬಿಡಬೇಡಿ. ಹೊತ್ತು ಹೊಂದುವುದಿಲ್ಲವಾದರೆ ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ಬಾಯಿಬಿಟ್ಟು ಹೇಳಿ, ಅದರಲ್ಲಿ ನಾಚಿಕೆಯಿಲ್ಲ. ಪುಸ್ತಕ ಹಿಡಿದು ಮನೆಗೆ ಬರುವ ಯುವ ಸಂಶೋಧಕರನ್ನು ಕೂರಿಸಿ, ನಿಮ್ಮ ದಿನ ಹೇಗೆ ಸಾಗುತ್ತದೆಂದು ತಿಳಿಸಿ. ಅವರು ಕಲಿಯಬೇಕಾದ ಪಾಠದ ಒಂದು ಪಾಲು ನಿಮ್ಮಲ್ಲೇ ಇದೆ.

ಪೈಲಿಯವರ ಬಿಪಿ ಇಳಿದ ಆ ದಿನ, ಎಲ್ಲರನ್ನೂ ನೋಡಿ ಮುಗಿಸುವಾಗ ಐದಾಗಿತ್ತು. ನವ್ಯಾ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅದನ್ನು ಯಾರಿಗೂ ಹೇಳಿಯೂ ಇರಲಿಲ್ಲ. ಪುತ್ತೂರಿನ ಬಸ್ಸಿಗೆ ಕೈ ತೋರಿಸಿ ನಿಂತಾಗ, ಹಾಲ್‌ನಲ್ಲಿ ಅವಳ ಬಾಡಿದ ಮುಖ ಗಮನಿಸಿದ್ದ ಅಲ್ಫೋನ್ಸಾ ಬಿರಬಿರನೆ ನಡೆದು ಬಂದರು. ಬೇಯಿಸಿದ ಮರಗೆಣಸು, ಮೀನಿನ ಗಸಿ ತುಂಬಿದ ಬಿಸಿ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಅವಳ ಕೈಗಿಟ್ಟು, ಬಂದ ದಾರಿಯಲ್ಲೇ ಹಿಂದಿರುಗಿದರು.