ಯಾರ ಗುರುತೂ ಇಲ್ಲದ ಕಿವಿ

ಎಷ್ಟು ಮೆತ್ತಗಿದೆ ಈ ಕಿವಿ, ಯಂಜ್ಮಾ ಮರಿಯ ಕಿವಿಯನ್ನು ಎರಡು ಬೆರಳ ನಡುವೆ ಹಿಡಿದು ಸವರುತ್ತಾಳೆ, ಇನ್ನೂ ಚಾಕು ಸೋಕಿಲ್ಲ, ಅಂಚು ಪೂರ್ತಿ ನುಣುಪು, ಎದುರು ಬಿಸಿಲಿಗೆ ಒಳಗಿನ ನರ ಕೆಂಪಗೆ ಕಾಣುತ್ತದೆ, ಹುಟ್ಟಿ ಹದಿನೆಂಟು ದಿನ, ಇದಿನ್ನೂ ಯಾರದೂ ಅಲ್ಲ — ಯಾರದೂ ಅಲ್ಲ ಅಂದರೆ ಹೇಗೆ, ಅವಳ ಕುರಿಯೇ ಈದದ್ದು, ಅವಳ ದೊಡ್ಡಿಯಲ್ಲೇ, ಆದರೂ ಈ ಬಯಲಿನಲ್ಲಿ ಕಿವಿ ಕತ್ತರಿಸಿ ಮನೆಯ ಗುರುತು ಹಾಕುವತನಕ ಮರಿಗೆ ಮನೆಯಿಲ್ಲ. ಕಲ್ಲುಗೋಡೆಯ ಮರೆಯಲ್ಲಿ ಒಂಬತ್ತು ಮನೆಯವರು ಕೂತಿದ್ದಾರೆ, ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಮರಿ, ಉಪ್ಪು ಚಹಾದ ಬಟ್ಟಲು ಎರಡು ಸುತ್ತು ಬಂತು, ಒಬ್ಬರೂ ಏಳುತ್ತಿಲ್ಲ. ಗೊಂಬೊಜವ್ ತಾತ ಬರ್ಲಿ ಡಾಕ್ಟರಮ್ಮ, ಅವ್ರು ಮರಿ ಕೊಟ್ರೆ ನಮ್ದೇನು ತಕರಾರಿಲ್ಲ, ಹಿರಿಯರಲ್ವೇ, ಅನ್ನುತ್ತಾರೆ ಯಂಜ್ಮಾಳಿಗೆ. ಹಿರಿಯರು ಅನ್ನುವುದು ಒಂದು ನೆಪ, ಅವಳಿಗೂ ಗೊತ್ತು ಅವರಿಗೂ ಗೊತ್ತು, ಸೊಸೆಯನ್ನು ಕಳೆದುಕೊಂಡವನು ಅವನು, ಅವನೇ ಒಪ್ಪದೆ ಯಾವ ಮುಖ ಇಟ್ಟುಕೊಂಡು ಒಪ್ಪುತ್ತಾರೆ. ಗುಡ್ಡದ ಕಡೆ ನೋಡುತ್ತಾಳೆ, ಧೂಳಿಲ್ಲ, ಕುದುರೆಯಿಲ್ಲ, ಬರೀ ಗಾಳಿ. ಗೋಡೆಗೊರಗಿ ಎನೆಬಿಷ್, ಅವಳ ಮಗಳು, ಅಗಲದ ನಿಲುವಂಗಿಯಲ್ಲೂ ಹೊಟ್ಟೆ ಮುಚ್ಚುತ್ತಿಲ್ಲ, ಎಷ್ಟು ತಿಂಗಳು ಅಂತ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಕೇಳಬಾರದು, ಆದರೆ ಹೆರಿಗೆ ಮಾಡಿಸುವ ಯಂಜ್ಮಾಳ ಕೈ ಸುಳ್ಳು ಹೇಳುವುದಿಲ್ಲ, ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ, ನಾಡಿದ್ದು ಉಣ್ಣೆ ಹೇರಿಕೊಂಡು ಹೋಗುವ ಟ್ರಕ್ಕಿನಲ್ಲಿ ಅವಳು ಹೊರಡಲೇಬೇಕು, ಹೊರಟು ಎಲ್ಲಿ ಇಳಿಯಬೇಕು, ಬೀಗ ಹಾಕಿದ ಬಾಗಿಲ ಮುಂದೆಯೇ.

ಹೆರಿಗೆಗೆ ಆಸ್ಪತ್ರೆಯವರು ಒಂದು ಕಾಸೂ ಕೇಳುವುದಿಲ್ಲ, ಕೇಳಿದ್ದೂ ಇಲ್ಲ, ಅಲ್ಲಿಗೆ ತಲುಪುವುದೇ ಪಾಡು, ಎಂಬತ್ತು ಕಿಲೋಮೀಟರು, ಸೇತುವೆಯಿಲ್ಲದ ಎರಡು ಹೊಳೆ, ನೋವು ಶುರುವಾದ ಮೇಲೆ ಹೊರಟರೆ ದಾರಿಯಲ್ಲೇ ಎಲ್ಲ ಮುಗಿಯುತ್ತದೆ. ಅದಕ್ಕೇ ಇತ್ತಲ್ಲ ಆಸ್ಪತ್ರೆಯ ಪಕ್ಕದಲ್ಲಿ ಆ ಮನೆ, ಬಸುರಿಯರು ತಿಂಗಳು ಮೊದಲೇ ಹೋಗಿ ಕಾಯುವ ಮನೆ, ಆರು ಮಂಚ, ನಡುವೆ ಕಬ್ಬಿಣದ ಒಲೆ, ಹಳೆಯ ಸರ್ಕಾರ ಇದ್ದಾಗ ಊಟ, ಬೆರಣಿ, ಅಡುಗೆಯವಳ ಸಂಬಳ ಎಲ್ಲ ಅವರದೇ, ಆ ಸರ್ಕಾರ ಹೋಯಿತು, ಸಂಬಳ ಹೋಯಿತು, ಬೀಗ ಬಿತ್ತು. ಆಗ ಮನೆಮನೆ ಅಲೆದದ್ದು ಯಾರು, ಇವಳೇ, ಮನೆಗೊಂದು ಕುರಿ ಕೊಡಿ, ಅದರ ಉಣ್ಣೆ ಹಾಲು ಮಾಂಸದಲ್ಲಿ ಆ ಒಲೆ ಉರೀಲಿ, ಇವತ್ತು ಅವರ ಸೊಸೆ ನಾಳೆ ನಿಮ್ಮ ಮಗಳು. ಕೊಟ್ಟರು, ಕೈ ತುಂಬ ಕೊಟ್ಟರು, ಎರಡು ಚಳಿಗಾಲ ಆ ಮನೆಯ ಹೊಗೆಕೊಳವೆ ತಣ್ಣಗಾಗಲಿಲ್ಲ. ಆದರೆ ಕಿವಿ — ಬೆಳೆದ ಕುರಿಗಳ ಕಿವಿಯಲ್ಲಿ ಆಗಲೇ ಗುರುತಿತ್ತು, ಗುರುತಿನ ಮೇಲೆ ಗುರುತು ಹಾಕುವುದು ಕುರಿಗಳ್ಳರ ಕೆಲಸ, ಮರ್ಯಾದಸ್ಥರು ಯಾರು ಮಾಡುತ್ತಾರೆ, ಹಾಗೇ ಬಿಟ್ಟರು, ಹಿಂಡು ಎಲ್ಲರದು, ಕಿವಿಗಳು ಮಾತ್ರ ಅವರವರದು.

ಹೋದ ವರ್ಷದ ಚಳಿ, ಅಬ್ಬಾ ಆ ಚಳಿ, ಹಿಮ ಕರಗಿ ಮತ್ತೆ ಗಟ್ಟಿಯಾಗಿ ಹುಲ್ಲಿನ ಮೇಲೆ ಗಾಜು ಹಾಸಿದ ಹಾಗೆ, ಕುರಿಗಳು ಕೆರೆದು ಕೆರೆದು ಗೊರಸಿನಿಂದ ರಕ್ತ, ಬೆಳಗಾದರೆ ನಾಲ್ಕು, ಮರುದಿನ ಒಂಬತ್ತು, ನಿಂತಲ್ಲೇ ಸೆಟೆದು ಸತ್ತಿರುತ್ತಿದ್ದವು. ಬಸುರಿಮನೆಗೆ ಕೊಟ್ಟ ಕುರಿ ನಮ್ದೇ ಅಲ್ವೇನೇ, ಅಂದ ಗಂಡ ಚುಲೂನ್, ಕಿವಿ ನೋಡು ಬೇಕಾದ್ರೆ. ನೋಡಿದಳು. ಬಸುರಿಮನೆಯ ಹಿಂಡಿನ ನಡುವೆ ತುದಿ ಸೀಳಿದ ಕಿವಿ, ಅವಳ ಮಾವನ ಕಾಲದ ಗುರುತು, ಕುರಿ ತಲೆಯೆತ್ತಿ ಗುರುತು ಸಿಕ್ಕವರ ಹಾಗೆ ಇವಳನ್ನೇ ನೋಡಿತು, ಹಗ್ಗ ಹಾಕಿ ಎಳೆದುಕೊಂಡು ಬಂದವಳು ಇವಳೇ, ಚುಲೂನ್ ಅಲ್ಲ, ಇವಳೇ, ಡಾಕ್ಟರಮ್ಮ. ಹನ್ನೊಂದು ದಿನ ಅದರದೇ ಮಾಂಸದ ಸಾರು, ಎನೆಬಿಷ್‌ಳೂ ಕುಡಿದಳು, ಇವಳೂ ಗುಟುಕು ಗುಟುಕಾಗಿ ನುಂಗಿದಳು. ಡಾಕ್ಟರಮ್ಮನೇ ಒಯ್ದ ಮೇಲೆ ನಮಗೇನು ಅಂತ ಒಬ್ಬೊಬ್ಬರೇ ತಮ್ಮ ತಮ್ಮ ಕಿವಿ ಹುಡುಕಿಕೊಂಡು ಹೋದರು, ತಿಂಗಳೊಳಗೆ ದೊಡ್ಡಿ ಖಾಲಿ, ಒಲೆ ತಣ್ಣಗೆ, ಬೀಗ. ಗೊಂಬೊಜವ್ ತಾತನ ಸೊಸೆ ಖಂದಾ ಹೋಗಿ ಕಾಯಬೇಕಾಗಿದ್ದು ಅದೇ ತಿಂಗಳು. ಟ್ರಕ್ಕಿನ ಹಿಂಬದಿಯಲ್ಲಿ, ಯಂಜ್ಮಾಳ ಮಡಿಲಿಗೊರಗಿ, ಎರಡನೆಯ ಹೊಳೆಯ ಹತ್ತಿರ, ಅಕ್ಕಾ ಇನ್ನೆಷ್ಟು ದೂರ, ಬಂತು ಕಣೇ ಬಂತು, ಅಕ್ಕಾ ಕಾಲು ತಣ್ಣಗಾಗ್ತಿದೆ, ಕಂಬಳಿಯ ಮೇಲೆ ಕಂಬಳಿ, ರಕ್ತ ನಿಲ್ಲಲಿಲ್ಲ, ಮಗು ಉಳಿಯಿತು, ಹೆಣ್ಣು, ಮೇಕೆ ಹಾಲು ಕುಡಿದು ತಾತನ ಮಡಿಲಲ್ಲಿ ಬೆಳೆಯುತ್ತಿದೆ, ಮತ್ತೆ ಆ ಸೀಳಿದ ಕಿವಿ, ನಿದ್ದೆಗಣ್ಣಲ್ಲೂ ಅದೇ ಕಿವಿ.

ಹೋದ ವಾರ ಮರಿ ಕೇಳಲು ಹೋದಾಗ ಗೊಂಬೊಜವ್ ಮನೆಯಲ್ಲಿ ಚಹಾ ಕೊಟ್ಟರು, ಚಹಾ ಕೊಡದೆ ಇರಲಾರರು, ಆದರೆ ಮುದುಕ ಮುಖ ಎತ್ತಲಿಲ್ಲ. ಈಗ ನಿನ್ ಮಗಳು ಬಸುರಿ ಅಂತ ನೆನಪಾಯ್ತೇನಮ್ಮ. ಹೌದು ತಾತ, ಅದಕ್ಕೇ ನೆನಪಾಯ್ತು, ಸುಳ್ಳು ಯಾಕೆ ಹೇಳ್ಲಿ, ಕುರಿ ಎಳ್ಕೊಂಡು ಬಂದವಳೂ ನಾನೇ. ಮುದುಕ ಮೊಮ್ಮಗಳ ಬಾಯೊರೆಸಿದ, ಅಷ್ಟೇ. ಆಸ್ಪತ್ರೆಯ ಡಾಕ್ಟರು ಬೇರೆ ಮೊದಲೇ ಖಡಾಖಂಡಿತ, ಯಾರೂ ವಾಪಸ್ ಹೊಡ್ಕೊಂಡು ಹೋಗೋಕಾಗದ ಹಿಂಡು ಮಾಡ್ಕೊಂಡು ಬನ್ನಿ, ಆವತ್ತೇ ಬೀಗ ತೆಗೀತೀನಿ. ಎಂಥ ಹಿಂಡು ಅದು, ವಾರಗಟ್ಟಲೆ ತಲೆ ಕೆಡಿಸಿಕೊಂಡಳು, ಕೊನೆಗೆ ಹೊಳೆದದ್ದು ಎನೆಬಿಷ್‌ಗೆ, ಬೆರಣಿ ಆಯುತ್ತಾ ಆಯುತ್ತಾ, ಅಮ್ಮಾ ದೊಡ್ಡ ಕುರಿ ಯಾಕೆ, ಮರಿ ಕೇಳು, ಕಿವಿ ಅಂಚೆಲ್ಲ ಯಾರ್ಯಾರ್ದೋ ಆಗಿದೆ, ನಡುಮಧ್ಯ ಖಾಲಿ ಇದೆಯಲ್ಲ, ಅಲ್ಲೊಂದು ತೂತು ಹಾಕೋಣ, ಬಸುರಿಮನೆ ಗುರುತು ಅದೇ. ಈ ಹುಡುಗಿ! ಇವಳಿಗಿಂತ ಮೊದಲು ಹುಟ್ಟಿದ ಎರಡು ಕೂಸು ಉಳಿಯದೆ, ಮೂರನೆಯದಕ್ಕೆ ಎನೆಬಿಷ್ ಅಂತ ಹೆಸರಿಟ್ಟದ್ದು, ಇದಲ್ಲ ಅಂತ ಅರ್ಥ, ಸಾವು ಬಂದು ಕೇಳಿದರೆ ಇದಲ್ಲ ಅನ್ನಲಿ ಅಂತ. ಮರಿ ಬೆಳೆಯುವತನಕ ಮನೆಗೊಂದು ಮೂಟೆ ಹಿಟ್ಟು, ಒಣಮಾಂಸ, ಬೆರಣಿ, ಅದಕ್ಕೆ ಎಲ್ಲರೂ ತಲೆಯಾಡಿಸಿದ್ದಾರೆ, ಮುದುಕ ಒಬ್ಬ — ಧೂಳು, ಗುಡ್ಡದ ಪಕ್ಕದಲ್ಲಿ ಧೂಳು, ಕುದುರೆ ನಿಧಾನವಾಗಿ ಬರುತ್ತಿದೆ, ಬೇಕೆಂದೇ ನಿಧಾನ, ಮುದುಕನ ನಿಲುವಂಗಿಯ ಎದೆಭಾಗ ಉಬ್ಬಿದೆ, ಅಲ್ಲೊಂದು ಪುಟ್ಟ ತಲೆ, ಅಲ್ಲ, ಎರಡು ತಲೆ.

ಏನ್ರಯ್ಯಾ, ಚಹಾ ಕುಡಿಯೋಕೆ ಸೇರಿದ್ರೋ, ಅಂತ ಇಳಿದ ಮುದುಕ, ಯಾರಾದರೂ ನಕ್ಕರೇ, ಇಲ್ಲ. ಎರಡು ಮರಿ ಯಾಕೆ ತಾತ, ಮನೆಗೊಂದೇ ಸಾಕು. ಒಂದು ನಂದು, ಇನ್ನೊಂದು ಖಂದಾಳ್ದು, ಮದುವೇಲಿ ಅವಳು ತವರಿಂದ ತಂದ ಕುರಿ ಈದದ್ದು, ಅವಳ ಪಾಲು ಅವಳು ಕೊಡಬೇಡವೇ. ಯಂಜ್ಮಾಳ ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈ ಖಾಲಿಯಿಲ್ಲ, ಒಂದರಲ್ಲಿ ಮರಿ, ಒಂದರಲ್ಲಿ ಕುದುರೆಯ ತಡಿಯ ತೊಗಲಿಗೆ ತೂತು ಹಾಕುವ ಉಳಿ. ಮೊದ್ಲು ನಿನ್ ಮರಿ ಡಾಕ್ಟರಮ್ಮ, ನಾನು ಕಣ್ಣಾರೆ ನೋಡ್ಬೇಕು. ಹೂಂ ತಾತ. ಮರಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿಯುತ್ತಾಳೆ, ಉಳಿಯ ಮೊನೆ ಕಿವಿಯ ನಡುವಿಂದ ಜಾರುತ್ತದೆ. ಕೈ ಕೊಡಿಲ್ಲಿ, ಉಳಿ ಗಟ್ಟಿಯಾಗಿ ಹಿಡ್ಕೋ ಸಾಕು, ಮುದುಕನ ಒರಟು ಬೆರಳು ಅವಳ ಬೆರಳಿನ ಮೇಲೆ, ಮರಿ ಒಮ್ಮೆ ಬ್ಯಾ ಅಂದಿತು, ಅಷ್ಟೇ, ಗೋಡೆಯ ಮರೆಯಿಂದ ಒಬ್ಬೊಬ್ಬರೇ ಏಳುತ್ತಿದ್ದಾರೆ, ಮರಿಗಳು ಕೂಗುತ್ತಿವೆ, ಅಮ್ಮಾ ನಾಡಿದ್ದು ಟ್ರಕ್ಕಿಗೆ ಕಂಬಳಿ ಯಾವ್ದು ತಗೊಳ್ಲಿ, ಎನೆಬಿಷ್ ಕೇಳುತ್ತಿದ್ದಾಳೆ, ಹೇಳಬೇಕು, ಹೇಳುತ್ತೇನೆ, ತಾಳು, ಬೆರಳ ನಡುವೆ ಕಿವಿ, ಸೀಳಿಲ್ಲದ ತುದಿ, ಚುಕ್ಕೆಯಷ್ಟು ರಕ್ತ, ನಡುವೆ ದುಂಡನೆಯ ತೂತು, ಅದರೊಳಗಿಂದ ಬಿಸಿಲು ಬಂದು ಅವಳ ಅಂಗೈಯ ಮೇಲೆ ಬಿದ್ದಿದೆ —