ಬೊಂಬೆ ಕಪಾಟಿನಲ್ಲಿ ಹನ್ನೊಂದು ಚುರುಟು

ನನಗೆ ಹೊಗೆಸೊಪ್ಪು ಕಂಡರಾಗದು. ಬೀಡಿ ಹಚ್ಚಿದವನನ್ನು ನನ್ನ ಶೆಡ್ಡಿನ ಬಾಗಿಲಲ್ಲಿ ನಿಲ್ಲಲೂ ಬಿಡುವವನಲ್ಲ ನಾನು. ಹಾಗಿರುವಾಗ ಇಂದಿರಾನಗರದ ಅನಂತರಾಮು ಎಂಬುವರು ಫೋನ್ ಮಾಡಿ, ಹಳೆಯ ಕಪಾಟೊಂದನ್ನು ಚುರುಟು ಕೆಡದಂತೆ ಇಡುವ ಪೆಟ್ಟಿಗೆಯಾಗಿ ಮಾರ್ಪಡಿಸಿ ಕೊಡಬೇಕು ಎಂದಾಗ, ಆಗೋದಿಲ್ಲ ಎಂದು ಇಟ್ಟುಬಿಡಬೇಕಿತ್ತು. ಇಡುವವನೇ ಇದ್ದೆ. ಬಾಯಿ ಸುಮ್ಮನಿರದೆ ಮರ ಯಾವುದು ಎಂದು ಕೇಳಿದೆ. ಬೀಟೆ ಎಂದರು. ಮಾರನೆಯ ದಿನ ಬೆಳಿಗ್ಗೆ ಅವರ ಮನೆಯಲ್ಲಿದ್ದೆ.

ಎದೆಮಟ್ಟದ ಕಪಾಟು. ಎರಡು ಬಾಗಿಲು, ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಹಲಗೆಗಳು. ಒಂದು ಮೊಳೆ ಇಲ್ಲ, ಒಂದು ಸ್ಕ್ರೂ ಇಲ್ಲ. ಮೂಲೆಗಳಲ್ಲಿ ಮರ ಮರವನ್ನು ಹಲ್ಲು ಕಚ್ಚಿ ಹಿಡಿದಿತ್ತು. ಉಗುರು ತೂರಿಸಲು ನೋಡಿದೆ, ಜಾಗ ಸಿಗಲಿಲ್ಲ. ಯಾವ ಪುಣ್ಯಾತ್ಮನೋ ಕೈಗರಗಸದಲ್ಲಿ ಮಾಡಿದ್ದು. ಮರ್ಫಿ ಟೌನಿನಲ್ಲಿ ಮೂವತ್ತು ವರ್ಷದಿಂದ ಮರಗೆಲಸ ಮಾಡುತ್ತಿದ್ದೇನೆ, ಈ ಕಡೆಯಲ್ಲಿ ಪ್ರೇಮ್‌ಕುಮಾರನಷ್ಟು ಕೈ ಪಳಗಿದವನು ಇನ್ನೊಬ್ಬನಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ. ಅಂಥ ನಾನು ಆ ಮೂಲೆಯನ್ನು ನೋಡಿ, ಸದ್ಯ, ಚಪ್ಪಲಿ ಹೊರಗೇ ಬಿಟ್ಟು ಬಂದೆನಲ್ಲ ಅಂದುಕೊಂಡೆ.

"ನಮ್ಮ ಮನೆಯವರ ಬೊಂಬೆ ಕಪಾಟು ಇದು," ಎಂದರು ಅನಂತರಾಮು. ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತರಾಗಿ ಹದಿನಾಲ್ಕು ವರ್ಷವಾದವರು, ಸಣಕಲು ಮನುಷ್ಯ. "ಮದುವೇಲಿ ತವರಿಂದ ಬಂದಿದ್ದು. ಫೆಬ್ರವರೀಲಿ ಸುಬ್ಬಲಕ್ಷ್ಮಿ ಹೋದ ಮೇಲೆ ಬೊಂಬೆಗಳನ್ನ ಮಗಳು ತಗೊಂಡು ಹೋದಳು."

ಆಮೇಲೆ ಒಂದು ಡಬ್ಬ ತಂದರು. ಅದರಲ್ಲಿ ಹನ್ನೊಂದು ಚುರುಟು. ಅವರು ರಿಟೈರ್ ಆದ ದಿನ ಹೆಂಡತಿ ತಂದುಕೊಟ್ಟ ಡಬ್ಬವಂತೆ, ಇಪ್ಪತ್ತೈದು ಇದ್ದವಂತೆ. ವರ್ಷಕ್ಕೆ ಒಂದೇ ಒಂದು, ಮದುವೆಯಾದ ದಿನ, ನವೆಂಬರ್ ಹದಿನೆಂಟಕ್ಕೆ. ಆಕೆ ಬಾಲ್ಕನಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಮೂಗು ಮುಚ್ಚಿಕೊಂಡು ಕೂತು, ಅದು ಮುಗಿಯುವವರೆಗೂ ಬೈಯುತ್ತಿದ್ದರಂತೆ.

"ಇಷ್ಟು ವರ್ಷ ಅವಳೇ ಏನೋ ಮಾಡಿ ಕಾಪಾಡ್ತಿದ್ದಳು. ಏನು ಅಂತ ನಾನು ಒಂದಿನ ಕೇಳ್ಲಿಲ್ಲ. ಈಗ ಮುಟ್ಟಿದ್ರೆ ಪುಡಿಯಾಗುತ್ತೆ ನೋಡಿ. ಈ ಹದಿನೆಂಟಕ್ಕೆ ಒಂದಾದ್ರೂ ಹಚ್ಚೋ ಹಾಗಾಗ್ಬೇಕು. ಹಚ್ಚದೆ ಆ ದಿನ ಹೇಗೆ ಕಳೀಬೇಕೋ ನಂಗೆ ಗೊತ್ತಿಲ್ಲ."

ಇಂಥ ಮಾತಿಗೆ ನಾನು ಕರಗುವ ಜಾತಿಯಲ್ಲ. ಕರಗಿದ್ದು ಬೀಟೆಗೆ ಎಂದೇ ಇವತ್ತಿಗೂ ಹೇಳುತ್ತೇನೆ. ಗಣೇಶನ ಹಬ್ಬದ ಮುಂಚಿನ ವಾರ ಕಪಾಟನ್ನೂ ಡಬ್ಬವನ್ನೂ ಲಗೇಜ್ ಆಟೋದಲ್ಲಿ ಶೆಡ್ಡಿಗೆ ತಂದೆ.

ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದೆ. ಚುರುಟಿಗೆ ಗಾಳಿಯಲ್ಲಿ ಇಷ್ಟೇ ತೇವ ಬೇಕು, ಹೆಚ್ಚಾದರೆ ಬೂಷ್ಟು, ಕಡಿಮೆಯಾದರೆ ಪುಡಿ. ಒಳಗೆ ನೀರಿನ ಸ್ಪಂಜು, ತೇವ ಅಳೆಯಲು ಗಡಿಯಾರದಂಥ ಒಂದು ಮೀಟರು, ಮುಳ್ಳು ಎಪ್ಪತ್ತರಲ್ಲಿ ನಿಲ್ಲಬೇಕು. ಬಾಗಿಲಿನ ಅಂಚಿಗೆ ತೆಳು ಪಟ್ಟಿ ಕೂರಿಸಿದೆ. ಕಾಗದದ ಚೂರು ಸಿಕ್ಕಿಸಿ ಮುಚ್ಚಿದರೆ ಎಳೆದರೂ ಬರಬಾರದು, ಹಾಗೆ. ಒಳಗೋಡೆಗೆ ಹೊಸ ಹಲಗೆ ಹೊದಿಸಿದೆ. ಕೊನೆಗೆ, ಶಿವಾಜಿನಗರದಲ್ಲಿ ನನಗೆ ಕೆಲಸ ಕಲಿಸಿದ ತೌಹೀದ್ ಸಾಹೇಬರು ಹೇಳಿಕೊಟ್ಟಂತೆ ಒಳಗೆಲ್ಲ ಮೂರು ಕೈ ಪಾಲಿಷ್ ಹೊಡೆದೆ. ಜನರ ಕಣ್ಣಿಗೆ ಬೀಳದ ಜಾಗ ಮೊದಲು ಹೊಳೆಯಬೇಕು ಎನ್ನುತ್ತಿದ್ದರು ಅವರು. ನನ್ನ ಕೈಯಿಂದ ಹೋದ ಯಾವ ಸಾಮಾನಿನ ಒಳಗೂ ನಾನು ಬರೀ ಮರ ಬಿಟ್ಟವನಲ್ಲ. ವಿಡಿಯೋದಲ್ಲಿ ಒಬ್ಬ ಬೇಡ ಎಂದೇನೋ ಹೇಳಿದ. ಇವನ್ಯಾರು ನನಗೆ ಹೇಳೋಕೆ ಎಂದು ಮುಂದಕ್ಕೆ ತಳ್ಳಿದೆ.

ಪರೀಕ್ಷೆಗೆಂದು ಒಂದೇ ಚುರುಟು ಇಟ್ಟೆ. ಸ್ಪಂಜು ತುಂಬ ನೀರು. ಮೂರನೆಯ ದಿನ ಮೀಟರು ಎಪ್ಪತ್ತಕ್ಕೆ ಬಂತು, ನಾನು ಹಿಗ್ಗಿ ಬಾಗಿಲು ತೆರೆದೆ. ಚುರುಟು ತುದಿಯಿಂದ ತುದಿಗೆ ಸೀಳಿಕೊಂಡು ಬಿದ್ದಿತ್ತು. ವರ್ಷಕ್ಕೊಂದರಂತೆ ಲೆಕ್ಕ ಹಾಕಿದರೆ, ಆ ಮನುಷ್ಯನ ಒಂದು ವರ್ಷವನ್ನು ನಾನು ಒಡೆದು ಹಾಕಿದ್ದೆ.

ಅದನ್ನು ಹಿಡಿದು ಕೂತಿದ್ದಾಗಲೇ ಅಮ್ಮ ಊಟದ ಡಬ್ಬಿ ತಂದಳು. ಅವಳ ಹೆಸರು ಗೋವಿಂದಮ್ಮ, ವಯಸ್ಸು ಎಪ್ಪತ್ತಾರು, ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಮಬ್ಬು. ಡಬ್ಬಿ ಕೆಳಗಿಟ್ಟು, ಎಂದಿನ ಅಭ್ಯಾಸದಂತೆ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರ ನಿಂತಳು. ಆಮೇಲೆ ಮೂಗೆತ್ತಿದಳು.

"ಹೊಗೆಸೊಪ್ಪು ತಂದೀಯಾ?"

ಇಲ್ಲಿ ಒಂದು ಮಾತು ಹೇಳಬೇಕು. ಅಮ್ಮ ಮೂವತ್ತೆರಡು ವರ್ಷ ದಂಡಿನ ಕಡೆಯ ಸಿಗರೇಟ್ ಫ್ಯಾಕ್ಟರಿಯಲ್ಲಿ ದುಡಿದವಳು. ಅಲ್ಲಿ ಏನು ಮಾಡುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಸೀರೆ, ಕೂದಲು, ಕೈ ಎಲ್ಲ ಹೊಗೆಸೊಪ್ಪಿನ ನಾತ, ಅಷ್ಟೇ ಗೊತ್ತು. ನಾಲ್ಕನೇ ಕ್ಲಾಸಿನಲ್ಲಿ ಹುಡುಗರು ನನ್ನನ್ನು ಸೊಪ್ಪಿನ ಮಗ ಎಂದು ಕರೆದರು. ಅವತ್ತು ಸಂಜೆ ನಾನು ಅವಳಿಗೆ, ನೀನು ಸ್ಕೂಲ್ ಹತ್ರ ಬರಬೇಡ, ನಾತ ಹೊಡೀತೀಯ, ನನ್ನ ಮುಟ್ಟಬೇಡ ಎಂದೆ. ಮಾರನೆಯ ದಿನದಿಂದ ಅವಳು ರಸ್ತೆಯ ಆ ಬದಿಯಲ್ಲೇ ನಿಂತು ಕಾಯುತ್ತಿದ್ದಳು. ಹೊಗೆಸೊಪ್ಪು ಕಂಡರಾಗದು ಎಂದೆನಲ್ಲ, ಅದು ಶುರುವಾದದ್ದು ಅಲ್ಲಿಂದ.

ಸೀಳಿದ ಚುರುಟನ್ನು ಅವಳ ಕೈಗಿಟ್ಟೆ. ಅವಳು ಅದನ್ನು ನೋಡಲಿಲ್ಲ. ಬೆರಳಲ್ಲಿ ಸವರಿದಳು, ಮೂಗಿಗೆ ಹಿಡಿದಳು, ಕಪಾಟಿನೊಳಗೆ ತಲೆ ಹಾಕಿ ಉಸಿರೆಳೆದಳು.

"ಒಳಗ್ಯಾಕೋ ಪಾಲಿಷ್ ಹೊಡ್ದೆ? ಎಲೆ ಸ್ಪಿರಿಟ್ ವಾಸನೆ ಕುಡ್ದೈತೆ. ಬರೀ ಮರ ಆಗಿದ್ರೆ ಜಾಸ್ತಿ ನೀರನ್ನ ಅದು ಕುಡೀತಿತ್ತು. ಈಗ ಎಲ್ಲಾ ನೀರೂ ಇದರ ಮೈಮೇಲೇ ಬಿದ್ದೈತೆ. ಒಣಗಿದ ಎಲೆಗೆ ಒಂದೇ ಸಲ ನೀರು ಕೊಡ್ತಾರೇನೋ? ಉಪವಾಸ ಇದ್ದವನಿಗೆ ಗಂಜಿ ಕುಡಿಸ್ದಂಗೆ ಕೊಡ್ಬೇಕು."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಉಳಿ ಎಸೆದು ಹೊರಗೆ ಹೋಗುತ್ತಿದ್ದೆ. ಮರದ ವಿಷಯದಲ್ಲಿ ನನ್ನ ತಪ್ಪು ಹಿಡಿದವಳು ಒಂದು ಮೊಳೆಯನ್ನೂ ಹೊಡೆಯದ ನನ್ನ ಅಮ್ಮ.

ಅನಂತರಾಮು ಅವರಿಗೆ ಫೋನ್ ಮಾಡಿ ಒಂದನ್ನು ಹಾಳು ಮಾಡಿದೆ ಎಂದು ಹೇಳಿದೆ. ಅವರು "ಇನ್ನೂ ಹತ್ತು ಇದೆಯಲ್ಲ, ನೋಡಿ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪಾಲಿಷ್ ಹತ್ತಿದ ಹಲಗೆಗಳನ್ನೆಲ್ಲ ಕಿತ್ತು ಬೇರೆ ಹೊದಿಸಿದೆ, ಬರೀ ಮರ, ಬರೀ ಉಜ್ಜಿದ್ದು. ವಾರ ಪೂರ್ತಿ ಬಾಗಿಲು ತೆರೆದಿಟ್ಟು, ಅಮ್ಮ ಮೂಸಿ ಹೂಂ ಎಂದ ಮೇಲೆಯೇ ಹತ್ತನ್ನೂ ಒಳಗಿಟ್ಟೆವು. ಮೊದಲ ವಾರ ಸ್ಪಂಜಿಗೆ ಒಂದು ಚಮಚ ನೀರು ಮಾತ್ರ. ಅಮ್ಮ ದಿನಾ ಮಧ್ಯಾಹ್ನ ಊಟ ತಂದವಳು ಒಂದೊಂದನ್ನೇ ತೆಗೆದು, ಕಿವಿಯ ಹತ್ತಿರ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಹೊರಳಿಸುತ್ತಿದ್ದಳು.

"ಏನಮ್ಮ ಅದು?"

"ಮಾತಾಡ್ತೈತೆ ಕೇಳು. ಒಣಗಿದ್ದು ಚಟಚಟ ಅಂತೈತೆ. ಹದ ಬಂದ್ರೆ ಬಾಯಿ ಮುಚ್ಕೋತೈತೆ."

ನನ್ನ ಕಿವಿಗೂ ಹಿಡಿದಳು. ಕೇಳಿಸಿತು. ದೂರದಲ್ಲಿ ಯಾರೋ ತರಗೆಲೆ ತುಳಿದ ಹಾಗೆ, ಅಷ್ಟು ಸಣ್ಣಗೆ. ಮೈ ಜುಂ ಎಂದಿತು. ಅವಳು ಹತ್ತರ ಜಾಗವನ್ನೂ ದಿನಾ ಬದಲಿಸುತ್ತಿದ್ದಳು, ಇದು ಇನ್ನೂ ಹಸಿದೈತೆ ಮುಂದಕ್ಕೆ ಬರಲಿ, ಇದಕ್ಕೆ ಸಾಕು ಹಿಂದಕ್ಕೆ ಹೋಗಲಿ ಎಂದು. ನನ್ನ ಕಣ್ಣಿಗೆ ಹತ್ತೂ ಒಂದೇ.

ಅಕ್ಟೋಬರ್ ಕೊನೆಗೆ ಮೀಟರು ಎಪ್ಪತ್ತು ತೋರಿಸಿತು. ಆಯಿತು, ಕೊಟ್ಟುಬರೋಣ ಎಂದೆ. ಅಮ್ಮ ಒಂದನ್ನು ಕಿವಿಗೆ ಹಿಡಿದು, "ಇಲ್ಲ, ಅರ್ಧ ದಾರೀಲೈತೆ," ಎಂದಳು.

"ಮೆಷಿನ್ ಹೇಳ್ತಾ ಇದೆ ಕಣಮ್ಮ."

"ಅದು ಸುಳ್ಳು ಹೇಳ್ತೈತೆ."

ನನಗೆ ರೇಗಿತು. ಮೀಟರಿಗೂ ಪರೀಕ್ಷೆಯಿದೆ ಎಂದು ವಿಡಿಯೋದಲ್ಲಿ ನೋಡಿದ್ದೆ: ಬಾಟಲಿ ಮುಚ್ಚಳದಲ್ಲಿ ಉಪ್ಪನ್ನು ಒದ್ದೆ ಮಾಡಿ, ಮೀಟರಿನ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಟ್ಟರೆ ಅದು ಎಪ್ಪತ್ತೈದು ತೋರಿಸಬೇಕು. ಅಮ್ಮನ ಬಾಯಿ ಮುಚ್ಚಿಸಬೇಕೆಂದೇ ಇಟ್ಟೆ. ಮಾರನೆಯ ದಿನ ಡಬ್ಬಿ ತೆರೆದರೆ ಮುಳ್ಳು ಎಂಬತ್ತನಾಲ್ಕರಲ್ಲಿತ್ತು. ಅಂದರೆ ಮೀಟರು ಒಂಬತ್ತು ಹೆಚ್ಚಿಗೆ ಹೇಳುತ್ತಿತ್ತು. ಕಪಾಟಿನೊಳಗೆ ನಿಜವಾಗಿ ಇದ್ದದ್ದು ಅರವತ್ತೊಂದು. ಅರ್ಧ ದಾರಿ.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಬೀಟೆಯ ಆ ಮೂಲೆಯನ್ನು ಮೊದಲ ಸಲ ಕಂಡಾಗ ಆದದ್ದೇ ಮತ್ತೆ ಆಯಿತು, ಅದಕ್ಕಿಂತ ಹೆಚ್ಚಾಯಿತು. ಅದನ್ನು ಮಾಡಿದವನು ಯಾರೋ ಗೊತ್ತಿಲ್ಲದವನು. ಇವಳು ಐವತ್ತು ವರ್ಷದಿಂದ ನನಗೆ ಅನ್ನ ಹಾಕುತ್ತಿರುವವಳು.

"ಫ್ಯಾಕ್ಟರೀಲಿ ಏನು ಕೆಲಸ ಮಾಡ್ತಿದ್ದೆಯಮ್ಮ ನೀನು?" ಎಂದೆ. ಜೀವಮಾನದಲ್ಲಿ ಮೊದಲ ಸಲ ಕೇಳಿದ್ದು.

ಅವಳು ಡಬ್ಬಿ ತೊಳೆಯುತ್ತಲೇ ಹೇಳಿದಳು. ಎಲೆಯ ಮೂಟೆ ಬಂದಾಗ ಅದು ಹದದಲ್ಲಿದೆಯೋ ಇಲ್ಲವೋ ಎಂದು ಕೈಯಲ್ಲಿ ನೋಡಿ ಹೇಳುವ ಆರು ಜನ ಹೆಂಗಸರಿದ್ದರಂತೆ, ಅದರಲ್ಲಿ ಇವಳೊಬ್ಬಳು. ಇವಳು ಬೇಡ ಎಂದ ಮೂಟೆ ಒಳಗೆ ಹೋಗುತ್ತಿರಲಿಲ್ಲವಂತೆ. ಫ್ಯಾಕ್ಟರಿಯ ಸಾಹೇಬರೂ ಎದುರು ಮಾತಾಡುತ್ತಿರಲಿಲ್ಲವಂತೆ. ಇಷ್ಟನ್ನು ಇವತ್ತು ಸಾರು ಚೆನ್ನಾಗಿತ್ತಾ ಎಂದು ಕೇಳುವ ದನಿಯಲ್ಲೇ ಹೇಳಿ ಹೊರಟಳು.

ನವೆಂಬರ್ ಹದಿನೇಳರ ಮಧ್ಯಾಹ್ನ ಒಂದು ಚುರುಟನ್ನು ಹೊರಳಿಸುತ್ತ ಬಹಳ ಹೊತ್ತು ನಿಂತಳು. ನನ್ನ ಕಿವಿಗೂ ಹಿಡಿದಳು. ಏನೂ ಕೇಳಿಸಲಿಲ್ಲ. ಪುಡಿಯಾಗಲಿದ್ದ ಎಲೆ ಅವಳ ಬೆರಳಿನಡಿ ಮೆತ್ತಗೆ ತಗ್ಗಿ, ಬಿಟ್ಟ ಕೂಡಲೆ ಮತ್ತೆ ಮೇಲೆದ್ದಿತು. ಸತ್ತದ್ದು ಉಸಿರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಾರನೆಯ ದಿನ ಕಪಾಟು ಹೊತ್ತ ಲಗೇಜ್ ಆಟೋದ ಹಿಂದೆಯೇ ಅಮ್ಮನನ್ನೂ ಕರೆದುಕೊಂಡು ಹೋದೆ. ಅನಂತರಾಮು ಬಾಲ್ಕನಿಯಲ್ಲಿ ಎರಡು ಕುರ್ಚಿ ಹಾಕಿದ್ದರು, ಒಂದು ಖಾಲಿ. ಅಮ್ಮ ಹತ್ತನ್ನೂ ಒಂದೊಂದಾಗಿ ಕಿವಿಗೆ ಹಿಡಿದು, ನಿನ್ನೆಯದನ್ನೇ ಆರಿಸಿ ಅವರ ಕೈಗೆ ಕೊಟ್ಟಳು. ಅವರು ತುದಿ ಕತ್ತರಿಸಿ ಹಚ್ಚಿದರು. ಎಲೆ ಒಂದೇ ಸಮನೆ ಉರಿಯಿತು, ಬೂದಿ ಬೀಳದೆ ಗಟ್ಟಿಯಾಗಿ ನಿಂತಿತು. ಅವರ ಕಣ್ಣಲ್ಲಿ ನೀರು ತುಂಬಿತು. ಖಾಲಿ ಕುರ್ಚಿಯನ್ನೇ ನೋಡುತ್ತ, "ಅದೇ ರುಚಿ," ಎಂದರು. ಆಮೇಲೆ ಅಮ್ಮನಿಗೆ, "ಕೂತ್ಕೊಳ್ಳಿ ತಾಯಿ, ಇದು ಮುಗಿಯೋವರೆಗೂ ಯಾರಾದ್ರೂ ಕೂತಿರ್ಬೇಕು," ಎಂದರು.

ಅಮ್ಮ ಕೂತಳು. ಮೂಗು ಮುಚ್ಚಿಕೊಳ್ಳಲಿಲ್ಲ. ಮೂವತ್ತೆರಡು ವರ್ಷ ಎಲೆ ನೋಡಿ ಕಳಿಸಿದವಳು, ಅದನ್ನು ಇಷ್ಟು ಮರ್ಯಾದೆಯಿಂದ ಒಬ್ಬರು ಸೇದುವುದನ್ನು ಮೊದಲ ಸಲ ನೋಡುತ್ತಿದ್ದಳು.

ವಾಪಸು ಆಟೋದಲ್ಲಿ ಅವಳು ಎಂದಿನಂತೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಸೀಟಿನ ಆ ತುದಿಗೆ ಸರಿದು ಕೂತಳು. ಅದು ಅವಳ ಅಭ್ಯಾಸ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಹಲಸೂರು ಬರುವಷ್ಟರಲ್ಲಿ ಅದು ಯಾವತ್ತಿನಿಂದ ಬಂದ ಅಭ್ಯಾಸ ಎಂದು ಹೊಳೆಯಿತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಹತ್ತಿರ ಸರಿದು ಸೆರಗು ಬಿಡಿಸಿ ಅವಳ ಕೈ ಹಿಡಿದೆ.

"ಬ್ಯಾಡ ಕಣೋ," ಎಂದು ಎಳೆದುಕೊಳ್ಳಲು ನೋಡಿದಳು. "ಇನ್ನೂ ತೊಳ್ದಿಲ್ಲ. ನಾತ ಬರ್ತೈತೆ."

"ಬರ್ಲಿ ಬಿಡಮ್ಮ," ಎಂದು ಆ ಕೈಯನ್ನು ಮುಖಕ್ಕೆ ಒತ್ತಿಕೊಂಡೆ. ಮರ್ಫಿ ಟೌನ್ ಬರುವವರೆಗೂ ಬಿಡಲಿಲ್ಲ.