ಸರ್ವಮಂಗಳಮ್ಮನ ಹೆಪ್ಪು

ಮಡಕೆಗೆ ಮುಚ್ಚಿದ ತಟ್ಟೆಯ ಅಂಚಿನಲ್ಲಿ ಇರುವೆಯೊಂದು ಸುತ್ತುತ್ತಿದೆ, ಇರುವೆ ಬಂದಿದೆ ಅಂದರೆ ಒಳಗಿರುವುದು ಇನ್ನೂ ಸಿಹಿ ಹಾಲೇ — ಛೆ, ಇರುವೆಗೇನು ಗೊತ್ತು, ಸದಾಶಿವಯ್ಯ ಅದನ್ನು ಉಫ್ ಎಂದು ಊದಿದ, ತಟ್ಟೆ ಮಾತ್ರ ಎತ್ತಲಿಲ್ಲ, ಎತ್ತುತ್ತಾನೆ, ಬೆಳಗಾಗಿದೆಯಷ್ಟೆ, ಅವಸರವೇನು, ಇಡೀ ಗುಬ್ಬಿಗೆ ಹೆಪ್ಪು ಕೊಟ್ಟ ಮನೆಯಿದು, ಗುಬ್ಬಿಯೇನು, ಹಾಗಲವಾಡಿಯಿಂದ ಕೋರದವರೆಗೆ ಯಾರ ಮನೆಯ ಮೊಸರಾದರೂ ಅವ್ವನ ಮೊಸರಿನ ಮೊಮ್ಮಗಳೇ, ದೇವರಾಯನದುರ್ಗದ ಮೆಟ್ಟಿಲ ಮೇಲಿಂದ ಮಡಕೆ ಉರುಳಿಸಿದರೂ ಕೆನೆ ಬಿರಿಯುತ್ತಿರಲಿಲ್ಲ, ಉರುಳಿಸಿದ್ದು ಯಾರು ಅನ್ನುವುದು ಬೇರೆ ಮಾತು. ಈಗ ಅವರೆಲ್ಲ ಪ್ಯಾಕೆಟ್ ಮೊಸರಿನವರು, ಬೀದಿ ಬೀದಿ ಅಲೆದರೂ ಅವ್ವನ ಹೆಪ್ಪು ಒಂದು ಚಮಚ ಹುಟ್ಟಲಿಲ್ಲ. ಅವ್ವ ಸರ್ವಮಂಗಳಮ್ಮ ಹೋಗಿ ಎಂಟು ತಿಂಗಳು, ಅವಳ ಕೈಯದೆಂದು ಜೀವಂತ ಉಳಿದದ್ದು ಆ ಹೆಪ್ಪೊಂದೇ, ಅದೂ ಹನ್ನೊಂದು ದಿನದಿಂದ ಕಟ್ಟುತ್ತಿಲ್ಲ, ವಾಲಿಸಿದರೆ ಹಾಲು ಜಾರುತ್ತದೆ, ಆ ಕಡೆ, ಈ ಕಡೆ — ತುಮಕೂರಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಓದುವ ಮಗಳು ಪಲ್ಲವಿ ಒಂದಿಷ್ಟು ಒಯ್ದು ಗಾಜಿನ ತಟ್ಟೆಯಲ್ಲಿ ಬೆಳೆಸಿ ತೋರಿಸಿದಳು, ಬಿಳಿ ಪೊರೆಯ ತುಂಬ ತೂತು, ನುಸಿ ತಿಂದ ಸೀರೆ. ವೈರಸ್ ಕಣಪ್ಪ, ಮೊಸರಿನ ಬ್ಯಾಕ್ಟೀರಿಯಾ ಒಳಗೆ ನುಗ್ಗಿ ಮರಿ ಹಾಕ್ತದೆ, ಆಮೇಲೆ ಕಿಣ್ವ ಬಿಟ್ಟು ಗೋಡೆ ಕರಗಿಸಿ ಒಡೀತದೆ, ಒಳಗೋಗಿದ್ದು ಒಂದು, ಬರೋದು ನೂರು. ಎಲ್ಲವ್ನೆ ಅವ್ನು? ಮಡಕೆಲೇ ಅವ್ನೆ, ನಗಬೇಡ, ಬುಡಪ್ಪ ಅದನ್ನ, ಸ್ಟೀಲ್ ಪಾತ್ರೆ ಕುದಿಸಿಟ್ಟಿದೀನಿ. ಏನ್ಲೇ, ನಿಮ್ಮಜ್ಜಿ ಐವತ್ತು ವರ್ಷ ಸೋಪು ಸೋಕಿಸದೆ ಬರೀ ಅಂಗೈಲಿ ತೊಳೆದ ಮಡಕೆಲಿ ರೋಗವಾ? ಓದಿದವರಿಗೆ ಕಂಡಲ್ಲೆಲ್ಲ ಹುಳ. ಕುಣಿಗಲ್ಲಿನ ತಂಗಿ ಮಂಜುಳಮ್ಮ ಅವ್ವ ಸತ್ತ ವಾರವೇ ಫ್ರೀಜರಿನಲ್ಲಿ ಮುಚ್ಚಿಟ್ಟ ಹೆಪ್ಪಿನ ಡಬ್ಬಿ ತೆಗೆದಳು, ಕುಂಕುಮದ ಭರಣಿಯಷ್ಟು, ಅಣ್ಣ, ಲೋಕದಲ್ಲಿ ಇಷ್ಟೇ ಕಣೋ ಇರೋದು, ಅರ್ಧ ನಾನಿಟ್ಕತೀನಿ. ಅರ್ಧವಾ? ಸದಾಶಿವಯ್ಯನ ಕೈಗೆ ಅರ್ಧವಾ? ತಾರೇ ಪೂರ್ತಿ, ನಾಳೆ ಕುಣಿಗಲ್ ಕೆರೆಗೇ ಹೆಪ್ಪು ಹಾಕಿ ಗಟ್ಟಿ ಮಾಡ್ತೀನಿ! ನಕ್ಕಳು, ಕಣ್ಣೊರೆಸಿಕೊಂಡಳು, ಮುಚ್ಚಳಕ್ಕೆ ಅಂಟಿದ್ದನ್ನೂ ಬೆರಳಲ್ಲಿ ಬಳಿದು ಹಾಕಿದಳು. ನಿನ್ನೆ ಸಂಜೆ ಸ್ಟೀಲ್ ಪಾತ್ರೆ ಪಕ್ಕದಲ್ಲೇ ಹೊಳೆಯುತ್ತಿತ್ತು, ಅವನ ಕೈ ಮಡಕೆಗೇ ಹೋಯಿತು, ಅವ್ವನ ಹೆಪ್ಪು ಅವ್ವನ ಮಡಕೆಗಲ್ಲದೆ ಇನ್ನೆಲ್ಲಿಗೆ, ಡಬ್ಬಿ ತೊಳೆದ ನೀರನ್ನೂ ಬಿಡದೆ ಸುರಿದ — ಫೋನು, ಮಂಜುಳ, ಅಣ್ಣ, ಕಟ್ತಾ? ತಟ್ಟೆ ಎತ್ತುತ್ತಾನೆ, ಬಿಳುಪು, ನುಣುಪು, ಕಟ್ಟಿದ ಹಾಗೇ ಇದೆ, ಮಡಕೆಯ ಕಂಠ ಹಿಡಿದ, ವಾಲಿಸಿದ, ಹಾಲು ಆ ಕಡೆ ಹೋಯಿತು, ಅಣ್ಣ, ಕೇಳಿಸ್ತಾ, ಕಟ್ತಾ, ಈ ಕಡೆ ಬಂತು, ಆ ಕಡೆ, ಈ ಕಡೆ